ಬಾಯ್ಲರ್ ಒತ್ತಡ ಎಲ್ಲಿ ಸೋರುತ್ತಿದೆ?

ಮ್ಯಾಂಚೆಸ್ಟರ್‌ನ ಓದುಗರಿಗೆ: ಪದೇಪದೇ ನೀರು ತುಂಬಿಸಬೇಡಿ. ಹೊಸ ನೀರಿನ ಜೊತೆ ಆಮ್ಲಜನಕ ಹೊಕ್ಕು ರೇಡಿಯೇಟರ್‌ಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ತಣ್ಣಗಿದ್ದಾಗ 1 ಬಾರ್ ತೋರಿಸುವ ಮುಳ್ಳು ಹೀಟಿಂಗ್ ಹಾಕಿದರೆ 3ರ ಹತ್ತಿರ ಹೋಗುತ್ತದೆ, ಆರಿದ ಮೇಲೆ ಸೊನ್ನೆಗಿಳಿಯುತ್ತದೆ ಅಂದಿದ್ದೀರಿ. ಹಾಗಾದರೆ ನನ್ನ ಅನುಮಾನ ಎಕ್ಸ್‌ಪಾನ್ಶನ್ ವೆಸೆಲ್ ಮೇಲೆ. ಅದರ ಗಾಳಿ ಇಳಿದರೆ ಕಾದು ಹಿಗ್ಗಿದ ನೀರಿಗೆ ಜಾಗವಿಲ್ಲದೆ ಸೇಫ್ಟಿ ವಾಲ್ವ್ ತೆರೆದು ಹೊರಗೆ ಚೆಲ್ಲುತ್ತದೆ. ಆ ನೀರು ಹೊರಬರುವ, ಹೊರಗೋಡೆಯ ಸಣ್ಣ ತಾಮ್ರದ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲವೊಂದನ್ನು ಸಡಿಲವಾಗಿ ಕಟ್ಟಿ, ಹೀಟಿಂಗ್ ಹಾಕಿ ನೋಡಿ. ಚೀಲ ಒಣಗಿಯೇ ಇದ್ದರೆ ರೇಡಿಯೇಟರ್ ವಾಲ್ವ್‌ಗಳ ಬುಡಕ್ಕೆ ಟಿಶ್ಯೂ ಒತ್ತಿ ಪರೀಕ್ಷಿಸಿ. ಬಾಯ್ಲರ್ ಕವಚ ಬಿಚ್ಚುವುದು ಗ್ಯಾಸ್ ಸೇಫ್ ನೋಂದಾಯಿತ ಎಂಜಿನಿಯರ್ ಕೆಲಸ, ನಿಮ್ಮದಲ್ಲ. ವೆಸೆಲ್‌ಗೆ ಗಾಳಿ ತುಂಬಿದರೇ ಸಾಕಾಗಬಹುದು. ಎಂಜಿನಿಯರ್ ಇಡೀ ಬಾಯ್ಲರನ್ನೇ ಬದಲಿಸಿ ಎಂದರೆ ಕಾರಣ ಕೇಳಿ.