ಕೆಟ್ಟ ಕಂಪ್ಯೂಟರಿನಲ್ಲಿ ಕೆಡದೆ ಉಳಿದ ಬರಹ

ಕಳೆದ ಮಳೆಗಾಲದ ಒಂದು ಸಂಜೆ ದುರ್ಗಿಗುಡಿಯ ನಮ್ಮ ಮನೆಗೆ ವಿದ್ಯಾರ್ಥಿನಿಯೊಬ್ಬಳು ಬಂದಳು. ಹಿಂದಿನ ರಾತ್ರಿ ಸಿಡಿಲು ಹೊಡೆದಾಗ ಅವಳ ಮನೆಯ ಕಂಪ್ಯೂಟರ್ ನಿಂತುಹೋಗಿತ್ತು. ಎರಡು ವರ್ಷಗಳ ಪ್ರಯೋಗದ ಟಿಪ್ಪಣಿಗಳೂ, ತೀರಿಕೊಂಡ ಅಜ್ಜಿ ಹಾಡಿದ್ದ ಹಸೆಹಾಡುಗಳ ಧ್ವನಿಮುದ್ರಣವೂ ಅದರಲ್ಲಿದ್ದವು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. “ಸಾರ್, ಎಲ್ಲಾ ಹೋಯಿತೇ?” ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಬರಹವು ಯಂತ್ರದಲ್ಲಿ ಎಲ್ಲಿ, ಯಾವ ರೂಪದಲ್ಲಿ ಇರುತ್ತದೆಂಬುದನ್ನು ಮೊದಲು ತಿಳಿಯಬೇಕು.

ಹಾರ್ಡ್ ಡಿಸ್ಕಿನೊಳಗೆ ಅಲ್ಯೂಮಿನಿಯಮ್ಮಿನ ಅಥವಾ ಗಾಜಿನ ನುಣುಪಾದ ತಟ್ಟೆಗಳಿವೆ. ಅವುಗಳ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತ್ಯಂತ ತೆಳುವಾದ ಲೇಪವಿರುತ್ತದೆ. ಈ ಲೇಪದ ಒಂದೊಂದು ಸಣ್ಣ ಪ್ರದೇಶವೂ ಒಂದೊಂದು ಅಯಸ್ಕಾಂತವೆಂದು ತಿಳಿಯೋಣ. ಅವುಗಳ ದಿಕ್ಕು ಎಲ್ಲಿ ಬದಲಾಗುತ್ತದೆ, ಎಲ್ಲಿ ಬದಲಾಗುವುದಿಲ್ಲ ಎಂಬುದೇ ಕಂಪ್ಯೂಟರಿನ ಸೊನ್ನೆ ಒಂದುಗಳ ಲಿಪಿ. ವಿದ್ಯುತ್ತು ನಿಂತರೂ ಅಯಸ್ಕಾಂತವು ಅಯಸ್ಕಾಂತವಾಗಿಯೇ ಉಳಿಯುವುದಷ್ಟೆ! ಆದುದರಿಂದ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋದ ಮಾತ್ರಕ್ಕೆ ತಟ್ಟೆಯ ಮೇಲಿನ ಬರಹ ಅಳಿಯುವುದಿಲ್ಲ. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು. ಗಾತ್ರವು ಅಂಗೈಯಗಲಕ್ಕೆ ಇಳಿದರೂ ಮೂಲತತ್ತ್ವ ಮಾತ್ರ ಅದೇ ಆಗಿದೆ.

ಹಾಗಾದರೆ ಅಪಾಯವಿರುವುದೆಲ್ಲಿ? ಒಂದು ಲೆಕ್ಕ ಮಾಡಿ ನೋಡೋಣ. ಮೇಜಿನ ಮೇಲಿನ ಕಂಪ್ಯೂಟರಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ ೭೨೦೦ ಸುತ್ತು, ಅಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ತಟ್ಟೆಯ ವ್ಯಾಸ ೯.೫ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು ೩೦ ಸೆಂಟಿಮೀಟರ್. ಹೀಗೆ ತಟ್ಟೆಯ ಅಂಚು ಸೆಕೆಂಡಿಗೆ ೩೬ ಮೀಟರ್, ಗಂಟೆಗೆ ಸುಮಾರು ೧೩೦ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಓದುವ ಸೂಕ್ಷ್ಮಶಿರವು ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತಿರುತ್ತದೆ. ನಡುವಣ ಅಂತರ ಕೆಲವೇ ನ್ಯಾನೋಮೀಟರುಗಳು. ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು! ಕೆಳಗೆ ಬಿದ್ದು ಪೆಟ್ಟಾದ ಡಿಸ್ಕಿನಲ್ಲಿ ಈ ಶಿರವು ತಟ್ಟೆಗೆ ತಗುಲಿದರೆ, ನೇಗಿಲು ನೆಲವನ್ನು ಉಳುವಂತೆ ಲೇಪವನ್ನು ಕೆರೆದುಹಾಕುತ್ತದೆ. ಕೆರೆದುಹೋದ ಬರಹವನ್ನು ಯಾವ ವಿದ್ಯೆಯೂ ಮರಳಿ ತರಲಾರದು.

ಇದರಿಂದ ಮೂರು ಬಗೆಯ ತೊಂದರೆಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು.

ಮೊದಲನೆಯದು, ಡಿಸ್ಕ್ ಸರಿಯಿದ್ದು ಉಳಿದ ಯಂತ್ರ ಕೆಟ್ಟಿರುವುದು. ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದು, ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಸಾಕು. ಆದರೆ ಡಿಸ್ಕನ್ನು ಗೂಢಲಿಪಿಯಿಂದ ಭದ್ರಪಡಿಸಿದ್ದರೆ ಅದರ ಕೀಲಿಸಂಖ್ಯೆಯೂ ಬೇಕಾಗುತ್ತದೆ.

ಎರಡನೆಯದು, ಕಡತವನ್ನು ಕೈತಪ್ಪಿ ಅಳಿಸಿರುವುದು. ಅಂಚೆಯವನ ಪಟ್ಟಿಯಿಂದ ಒಂದು ಮನೆಯ ಸಂಖ್ಯೆಯನ್ನು ಹೊಡೆದುಹಾಕಿದರೆ ಮನೆ ಬಿದ್ದುಹೋಗುವುದೇ? ಕಂಪ್ಯೂಟರ್ ಕೂಡ ಸಾಮಾನ್ಯವಾಗಿ ಕಡತದ ವಿಳಾಸವನ್ನಷ್ಟೇ ತೆಗೆದು ಆ ಜಾಗ ಖಾಲಿಯೆಂದು ಬರೆದುಕೊಳ್ಳುತ್ತದೆ. ಹೊಸ ಬರಹ ಅಲ್ಲಿಗೆ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದುದರಿಂದ ಆ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯಬಾರದು. ಫೋಟೋರೆಕ್‌ನಂತಹ ಉಚಿತ ತಂತ್ರಾಂಶವನ್ನು ಬೇರೆ ಡಿಸ್ಕಿನಿಂದ ನಡೆಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿನಲ್ಲಿಯೇ ಇಡಬೇಕು.

ಮೂರನೆಯದು, ಡಿಸ್ಕೇ ಪೆಟ್ಟು ತಿಂದಿರುವುದು. ಟಕ್ ಟಕ್ ಎಂಬ ಸದ್ದೋ, ಉಜ್ಜಿದಂತಹ ಸದ್ದೋ ಕೇಳಿದರೆ ಆ ಕ್ಷಣವೇ ವಿದ್ಯುತ್ತನ್ನು ನಿಲ್ಲಿಸಬೇಕು. ಮನೆಯಲ್ಲಿ ಮುಚ್ಚಳ ತೆರೆಯಬಾರದು, ಏಕೆಂದರೆ ಒಂದು ಧೂಳಿನ ಕಣವೂ ಆ ಅಂತರಕ್ಕೆ ಬೆಟ್ಟದಂತೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂಬ ಮಾತನ್ನು ನಂಬಬಾರದು. ಹೊರತೆಗೆದಾಗ ತಟ್ಟೆಯ ಮೇಲೆ ನೀರಾವಿ ಕಟ್ಟುತ್ತದೆ. ಧೂಳಿಲ್ಲದ ಕೊಠಡಿಯುಳ್ಳ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ.

ತಜ್ಞರ ಕೈಯಲ್ಲಿ ಎಷ್ಟು ಸಾಧ್ಯವೆಂಬುದಕ್ಕೆ ಮರೆಯಲಾಗದ ನಿದರ್ಶನವೊಂದಿದೆ. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ವ್ಯೋಮನೌಕೆ ಭೂಮಿಗೆ ಮರಳುವಾಗ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಗಗನಯಾತ್ರಿಗಳು ಮಡಿದರು. ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದರ ಡಿಸ್ಕ್ ಟೆಕ್ಸಾಸ್‌ನಲ್ಲಿ ಬಿದ್ದ ಅವಶೇಷಗಳ ನಡುವೆ ಸಿಕ್ಕಿತು. ಹೊರಕವಚ ಸುಟ್ಟು ಕರಕಲಾಗಿತ್ತು. ಆದರೆ ಅನಾಹುತದ ವೇಳೆ ತಟ್ಟೆಗಳು ತಿರುಗುತ್ತಿರಲಿಲ್ಲವಾದುದರಿಂದ ಬರಹವಿದ್ದ ಭಾಗ ಉಳಿದಿತ್ತು. ತಜ್ಞರು ತಟ್ಟೆಗಳನ್ನು ತೊಳೆದು ಹೊಸ ಕವಚಕ್ಕೆ ಜೋಡಿಸಿ ಸುಮಾರು ೯೯ ಪ್ರತಿಶತ ಮಾಹಿತಿಯನ್ನು ಹೊರತೆಗೆದರು. ಆ ಪ್ರಯೋಗದ ಫಲಿತಾಂಶ ೨೦೦೮ರಲ್ಲಿ ಪ್ರಕಟವಾಯಿತು.

ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ತಟ್ಟೆಗಳೇ ಇಲ್ಲ. ಎಸ್‌ಎಸ್‌ಡಿ ಎಂಬ ಸಾಧನವು ಬರಹವನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ. ಅಳಿಸಿದ ಜಾಗವನ್ನು ಅದು ತಾನೇ ಬೇಗನೆ ಶುಚಿಗೊಳಿಸಿಬಿಡುವುದುಂಟು. ಅಂಚೆಯವನ ಪಟ್ಟಿಯ ಉಪಮೆ ಅಲ್ಲಿ ಸಲ್ಲದು. ಹೆಸರಿನೊಡನೆ ಮನೆಯೂ ಹೋಗುತ್ತದೆ.

ಆ ಹುಡುಗಿಯ ಡಿಸ್ಕ್ ಮೊದಲ ಬಗೆಯದಾಗಿತ್ತು. ಮರುದಿನ ಅದನ್ನು ನನ್ನ ಕಂಪ್ಯೂಟರಿಗೆ ಜೋಡಿಸಿದಾಗ ಟಿಪ್ಪಣಿಗಳೆಲ್ಲ ಕಾಣಿಸಿಕೊಂಡವು. ಅಜ್ಜಿಯ ದನಿಯೂ ಕೇಳಿಸಿತು. ಅವಳು ತಲೆತಗ್ಗಿಸಿ ಬಹಳ ಹೊತ್ತು ಕೇಳುತ್ತ ಕುಳಿತಳು. ಹೊರಡುವ ಮುನ್ನ ಎರಡು ಪ್ರತಿ ಮಾಡಿಸಿದೆ: ಒಂದು ಅವಳ ಮನೆಗೆ, ಇನ್ನೊಂದು ಅವಳ ಸೋದರಮಾವನ ಮನೆಗೆ. ಒಂದೇ ಸಿಡಿಲು ಎರಡೂ ಮನೆಗಳನ್ನು ಹೊಡೆಯುವುದು ಅಪರೂಪ.

ವಾಚಕರಲ್ಲಿ ನನ್ನ ಬಿನ್ನಹವೂ ಇಷ್ಟೇ. ನಿಮ್ಮ ಯಂತ್ರ ಇಂದು ಸರಿಯಾಗಿದ್ದರೆ, ಮತ್ತೆ ಪಡೆಯಲಾಗದಂತಹುದು ಅದರಲ್ಲಿ ಏನಿದೆಯೆಂದು ನೋಡಿ, ಅದರ ಪ್ರತಿಯನ್ನು ಈ ದಿನವೇ ತೆಗೆದಿಡಿರಿ.