ಸುರುಳಿ ಚಿಪ್ಪಿನ ಕಲ್ಲು ಸಿಕ್ಕವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಹೋಗಿ, ಅದರಲ್ಲೂ ಕಾರೈ ಊರಿನ ಕೊರಕಲುಗಳಲ್ಲಿ ಅಲೆದು ಸುರುಳಿ ಕಲ್ಲು ಹೆಕ್ಕಿ ತರುವ ಹವ್ಯಾಸಿಗಳಿಗೆ ಈ ಸೂಚನೆ. ಅಲ್ಲಿನ ಜೇಡಿಪದರ ಸುಮಾರು 10 ಕೋಟಿ ವರ್ಷ ಹಿಂದಿನ ಕಡಲತಳ. ಸಿಕ್ಕಿದ್ದು ಅಳಿದುಹೋದ ಕಡಲಜೀವಿ ಅಮೋನೈಟ್ ಇರಬಹುದು, ನಾಟಿಲಸ್ ಬಳಗದ್ದಿರಬಹುದು, ಬರೀ ಬಸವನಹುಳುವೂ ಇರಬಹುದು.

ಮಾಡಬೇಕಾದ್ದು

ಎತ್ತುವ ಮುಂಚೆ ಫೋಟೊ ತೆಗೆಯಿರಿ. ಕಲ್ಲು ಪದರದೊಳಗೆ ಕಚ್ಚಿಕೊಂಡಿತ್ತೋ, ಮಳೆನೀರಿಗೆ ಉರುಳಿ ಬಂದು ತಳದಲ್ಲಿ ಬಿದ್ದಿತ್ತೋ ಬರೆದುಕೊಳ್ಳಿ. ಜೊತೆಗೆ ಊರು, ತಾರೀಖು, ಫೋನಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶ. ಎಲ್ಲ ಪೆನ್ಸಿಲಿನಲ್ಲಿ, ಶಾಯಿ ಒದ್ದೆಯಾದರೆ ಹರಡುತ್ತದೆ. ಚೀಟಿ ಕಲ್ಲಿನ ಕವರಿನಲ್ಲೇ ಇರಲಿ. "ನನಗೆ ನೆನಪಿರುತ್ತೆ" ಎನ್ನುವವರ ಚೀಲದಲ್ಲಿ ಮನೆ ಮುಟ್ಟುವಷ್ಟರಲ್ಲಿ ಮೂರು ಊರಿನ ಕಲ್ಲು ಬೆರೆತಿರುತ್ತವೆ.

ಮನೆಯಲ್ಲಿ ಮತ್ತೆ ನಾಲ್ಕು ಫೋಟೊ: ಪಕ್ಕ, ಹೊರ ಅಂಚು, ಬಾಯಿ, ನಡುವಿನ ಹೊಕ್ಕುಳು. ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಫ್ಲಾಶ್ ಹಾಕಿದರೆ ಏಣುಗಳೆಲ್ಲ ಮಾಯ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ, ನಾಣ್ಯ ಬೇಡ. ನಮ್ಮ ಒಂದು ರೂಪಾಯಿ ನಾಣ್ಯವೇ 25 ಮಿಲಿಮೀಟರಿನಿಂದ 22ಕ್ಕೆ, ಆಮೇಲೆ 20ಕ್ಕೆ ಇಳಿದಿದೆ. ನೀವು ಯಾವುದನ್ನು ಇಟ್ಟಿರಿ ಎಂದು ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಈಗ ಮುಖ್ಯ ಕೆಲಸ. ಮೇಲ್ಚಿಪ್ಪು ಸವೆದ ಜಾಗವನ್ನು ಲೆನ್ಸ್ ಹಿಡಿದು ನೋಡಿ. ಒಳಗಿನ ಅಡ್ಡಗೋಡೆಗಳು ಚಿಪ್ಪಿಗೆ ಕೂಡಿಕೊಂಡಲ್ಲಿ ಹೊಲಿಗೆಯಂಥ ಗೆರೆಗಳಿರುತ್ತವೆ. ಕೊತ್ತಂಬರಿ ಎಲೆಯ ಅಂಚಿನ ಹಾಗೆ ಸೀಳುಸೀಳಾಗಿದ್ದರೆ ಅಮೋನೈಟ್. ಬಿಲ್ಲಿನಂತೆ ಸರಾಗ ಬಾಗಿದ್ದರೆ ನಾಟಿಲಸ್ ಬಳಗ. ಮುರಿದ ಮುಖವಿದ್ದರೆ ಅಡ್ಡಗೋಡೆ ತೂರಿ ಹೋಗುವ ಸಣ್ಣ ನಾಳವನ್ನೂ ಹುಡುಕಿ: ಅಮೋನೈಟಿನಲ್ಲಿ ಅದು ಹೊರ ಅಂಚಿಗೆ ಅಂಟಿಕೊಂಡಿರುತ್ತದೆ, ನಾಟಿಲಸ್‌ನಲ್ಲಿ ನಡುಭಾಗದ ಕಡೆಗಿರುತ್ತದೆ. ಗೋಡೆಯೇ ಇಲ್ಲದಿದ್ದರೆ ಬಸವನಹುಳು ಎಂದು ಯೋಚಿಸಬಹುದು. ಆದರೆ ಕೊನೆಯ ಸುತ್ತನ್ನಷ್ಟೇ ನೋಡಿ ತೀರ್ಪು ಕೊಡಬೇಡಿ. ಅದು ಪ್ರಾಣಿ ವಾಸವಿದ್ದ ಕೋಣೆ. ಅಮೋನೈಟಿನಲ್ಲೂ ಅಲ್ಲಿ ಗೆರೆ ಇರುವುದಿಲ್ಲ.

ಮಾಡಬಾರದ್ದು

ಹಿತ್ತಾಳೆ ದೀಪ ಬೆಳಗುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಹುಣಸೆಹುಳಿ, ನಿಂಬೆ, ವಿನೆಗರ್, ಬಚ್ಚಲು ತೊಳೆಯುವ ಆ್ಯಸಿಡ್ ಯಾವುದೂ ಬೇಡ. ಚಿಪ್ಪೆಂದರೆ ಸುಣ್ಣ, ನೊರೆಯ ಜೊತೆ ಗುರುತು ಹಿಡಿಯಬೇಕಾದ ಗೆರೆಯೇ ಹೋಗುತ್ತದೆ. ಜೇಡಿ ಕಲ್ಲನ್ನು ನೀರಿನಲ್ಲಿ ನೆನೆಹಾಕಬೇಡಿ, ಪುಡಿಯಾದೀತು. ಒಣ ಟೂತ್‌ಬ್ರಷ್ ಸಾಕು. ಹೊಳಪಿಗೆ ಕೊಬ್ಬರಿ ಎಣ್ಣೆ, ವಾರ್ನಿಶ್ ಹಚ್ಚಬೇಡಿ.

ಗೋಪುರದಂತೆ ಎದ್ದ ಸುರುಳಿ ಕಂಡ ಕೂಡಲೇ ಬಸವನಹುಳು ಎನ್ನಬೇಡಿ. ಟರಿಲೈಟೀಸ್ ಎಂಬ ಅಮೋನೈಟ್ ಹಾಗೆಯೇ ಸುತ್ತಿಕೊಂಡಿರುತ್ತದೆ, ಆ ಸೀಮೆಯಲ್ಲೇ ಸಿಗುತ್ತದೆ.

ಸುರುಳಿಯ ದಿಕ್ಕು ಬರೆಯುವಾಗ ಬಲಮುರಿ, ಎಡಮುರಿ ಎನ್ನಬೇಡಿ. ಶಂಖವನ್ನು ನಾವು ಹಿಡಿಯುವುದು ತುದಿ ಕೆಳಗಾಗಿ. ವಿಜ್ಞಾನದವರು ತುದಿ ಮೇಲೆ ಮಾಡಿ ನೋಡುತ್ತಾರೆ. ಹಾಗಾಗಿ ನಮ್ಮ ಬಲಮುರಿ ಶಂಖ ಅವರ ಲೆಕ್ಕದಲ್ಲಿ ಎಡಸುರುಳಿ. "ತುದಿ ಮೇಲೆ, ನನ್ನ ಕಡೆ ತಿರುಗಿದ ಬಾಯಿ ಬಲಕ್ಕೆ" ಎಂದು ಬಿಡಿಸಿ ಬರೆಯಿರಿ.

ತಂದದ್ದಕ್ಕೆ ಸಾಲಿಗ್ರಾಮ ಎಂದೂ ಹೆಸರಿಡಬೇಡಿ. ಸಾಲಿಗ್ರಾಮ ಬರುವುದು ನೇಪಾಳದ ಗಂಡಕಿ ನದಿಯಿಂದ. ಅದರ ಚಕ್ರವೂ ಅಮೋನೈಟಿನ ಗುರುತೇ, ನಿಜ. ಹಾಗೆಂದು ದೇವರಮನೆಯದ್ದನ್ನು ಒಡೆದು ನೋಡಲು ಹೋಗಬೇಡಿ, ಮನೆಯಲ್ಲಿ ಊಟ ಸಿಗುವುದಿಲ್ಲ.

ಚಿತ್ರಕ್ಕೆ ಚಿತ್ರ ಹೋಲಿಸಿ ಜಾತಿಯ ಹೆಸರು ಅಂಟಿಸಬೇಡಿ. ಒಂದೇ ಬಗೆಯ ಏಣು, ಒಂದೇ ಆಕಾರ ಬೇರೆ ಬೇರೆ ಕಾಲದಲ್ಲಿ ಮತ್ತೆ ಮತ್ತೆ ಬಂದಿವೆ. ಹಳೆಯ ಪುಸ್ತಕವೂ ಎಡವಿಸುತ್ತದೆ: ಅರಿಯಲೂರು ಸೀಮೆಯ ಅಮೋನೈಟುಗಳನ್ನು 1860ರ ದಶಕದಲ್ಲಿ ಭೂವಿಜ್ಞಾನಿ ಸ್ಟೋಲಿಚ್ಕ ವಿವರಿಸಿದಾಗ ಬಹುತೇಕ ಎಲ್ಲಕ್ಕೂ ಅಮೋನೈಟೀಸ್ ಎಂಬ ಒಂದೇ ಕುಲನಾಮ, ಈಗ ಅವು ಹತ್ತಾರು ಕುಲಗಳಲ್ಲಿ ಹಂಚಿಹೋಗಿವೆ.

ಸುಣ್ಣಕಲ್ಲಿನ ಗಣಿಗಳೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಅದೇ ಸೀಮೆಯ ಸಾತನೂರಿನಲ್ಲಿರುವ ಕಲ್ಲಾದ ಮರ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಚೂರನ್ನೂ ಮುಟ್ಟಬೇಡಿ.

ಗುರುತು ಹಿಡಿಸಲು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಹೋಗುವಾಗ ಕಲ್ಲು, ಚೀಟಿ, ನಾಲ್ಕು ಫೋಟೊ ಮೂರನ್ನೂ ಒಯ್ಯಿರಿ. ಅರ್ಧ ಸುತ್ತಷ್ಟೇ ಉಳಿದ ತುಂಡಾದರೆ ಅವರೂ "ಅಮೋನೈಟ್, ಕಾರೈ" ಎಂದಷ್ಟೇ ಬರೆದು ಕೊಟ್ಟಾರು. ಅದನ್ನೇ ಚೀಟಿಗೆ ಸೇರಿಸಿ ಡಬ್ಬಿ ಮುಚ್ಚಿ.