ರಿಫಂಡಿನಲ್ಲಿ ನೀರುನಾಯಿಗೊಂದು ಪಾಲು

ತೆರಿಗೆ ರಿಟರ್ನಿನ ಕೊನೆಯ ದಿನ ಏಪ್ರಿಲ್ 15 ಹತ್ತಿರ ಬಂತೆಂದರೆ ಹೊಸದಾಗಿ ಬಂದ ಮನೆಗಳಿಂದ ನಮ್ಮ ಕನ್ನಡ ಕೂಟದ ಹಿರಿಯರಿಗೆ ಫೋನು ಶುರು. ಡಬ್ಲ್ಯು-2 ಎಂದರೇನು, ಹೆಂಡತಿಗೆ ಐಟಿಐಎನ್ ಬೇಕೇ ಎಂಬವುಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿದೆ: "ಕ್ಯಾಲಿಫೋರ್ನಿಯಾ ಫಾರ್ಮಿನಲ್ಲಿ ದಾನ ಕೊಡಿ ಅಂತ ಒಂದು ಪಟ್ಟಿ ಬರ್ತಿದೆಯಲ್ಲ, ಏನಾದರೂ ಹಾಕಲೇಬೇಕಾ?"

ಬೇಕಿಲ್ಲ. ಸೊನ್ನೆ ಬಿಟ್ಟು ಮುಂದೆ ಹೋದರೆ ಯಾರೂ ಕೇಳುವುದಿಲ್ಲ. ರಿಟರ್ನು ತಡವಾಗುವುದೂ ಇಲ್ಲ, ಆಡಿಟ್‌ಗೆ ಕರೆಯುವುದೂ ಇಲ್ಲ. ಆದರೂ ಆ ಪುಟವನ್ನು ಓದದೆ ದಾಟಬೇಡಿ ಎಂಬುದು ನನ್ನ ಸಲಹೆ.

ರಾಜ್ಯದ 540 ಫಾರ್ಮಿನಲ್ಲಿ ನಿಧಿಗಳ ಒಂದು ಉದ್ದ ಪಟ್ಟಿ ಇದೆ, ಪ್ರತಿಯೊಂದಕ್ಕೂ ಒಂದು ಕೋಡ್. 407 ಬಡ ಕುಟುಂಬಗಳ ತುರ್ತು ಆಹಾರಕ್ಕೆ, 422 ಮನೆಯಿಲ್ಲದ ಮಕ್ಕಳ ಶಾಲಾ ಸಾಮಗ್ರಿಗೆ, 425 ಶಾಲೆಗಳಲ್ಲಿ ಕಲೆ ಉಳಿಸಲು, 410 ಕಡಲ ನೀರುನಾಯಿಗಳಿಗೆ. ಎದುರಿನ ಖಾನೆಯಲ್ಲಿ ಒಂದು ಡಾಲರಿನಿಂದ ಹಿಡಿದು ಎಷ್ಟು ಬೇಕಾದರೂ ಬರೆಯಬಹುದು, ಚಿಲ್ಲರೆ ಸೆಂಟ್ ಮಾತ್ರ ಇಲ್ಲ. ನಿಮಗೆ 340 ಡಾಲರ್ ರಿಫಂಡ್ ಬರಬೇಕಿದ್ದು 410ರ ಎದುರು 15 ಬರೆದರೆ ಬ್ಯಾಂಕಿಗೆ 325 ಬೀಳುತ್ತದೆ. ನೀವೇ 60 ಡಾಲರ್ ಬಾಕಿ ಕಟ್ಟಬೇಕಿದ್ದರೂ ದಾನ ಕೊಡಬಹುದು, ಆಗ 75 ಕಟ್ಟುತ್ತೀರಿ. ಎರಡು ಕಡೆಯೂ ಹೋಗುವುದು ನಿಮ್ಮ ದುಡ್ಡೇ. "ಹೇಗೂ ಸರ್ಕಾರ ಕೊಡೋ ದುಡ್ಡು, ಒಂದಿಷ್ಟು ಬಿಟ್ಟರೇನಂತೆ" ಎನ್ನುವವರಿದ್ದಾರೆ. ರಿಫಂಡ್ ಇನಾಮಲ್ಲ, ವರ್ಷವಿಡೀ ಸಂಬಳದಿಂದ ಹೆಚ್ಚಾಗಿ ಹಿಡಿದುಕೊಂಡದ್ದು ವಾಪಸ್ ಬರುತ್ತಿದೆ, ಅಷ್ಟೇ.

ಹೆಚ್ಚು ಗೊಂದಲ ಆಗುವುದು ಫೆಡರಲ್ ಫಾರ್ಮಿನ ಮೂರು ಡಾಲರಿನಿಂದ. 1040ರ ತಲೆಯಲ್ಲೇ ಅಧ್ಯಕ್ಷೀಯ ಚುನಾವಣಾ ನಿಧಿಗೆ 3 ಡಾಲರ್ ಹೋಗಲೇ ಎಂದು ಕೇಳುವ ಚೌಕವಿದೆ. ಗಂಡನಿಗೊಂದು, ಹೆಂಡತಿಗೊಂದು. ವೀಸಾದಲ್ಲಿರುವ ನಾವು ರಾಜಕೀಯಕ್ಕೆ ದುಡ್ಡು ಕೊಟ್ಟಂತಾಗುತ್ತದೆಯೋ ಎಂದು ಹೆದರುವವರು ಒಂದು ಕಡೆ, ಗುರುತು ಹಾಕಿದರೆ ರಿಫಂಡಿನಲ್ಲಿ ಮೂರು ಡಾಲರ್ ಕಡಿಮೆಯಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಆ ಚೌಕದಿಂದ ನಿಮ್ಮ ತೆರಿಗೆ ಹೆಚ್ಚುವುದಿಲ್ಲ, ರಿಫಂಡ್ ಇಳಿಯುವುದೂ ಇಲ್ಲ. ಈಗಾಗಲೇ ಖಜಾನೆಗೆ ಸೇರಿದ ಹಣದಲ್ಲಿ ಮೂರು ಡಾಲರನ್ನು ಆ ನಿಧಿಗೆ ತೆಗೆದಿಡಿ ಎಂದು ಹೇಳಿದ ಹಾಗೆ, ಅಷ್ಟೇ. ಖಾಲಿ ಬಿಟ್ಟರೂ ನಷ್ಟವಿಲ್ಲ. ರಾಜ್ಯದ ಪಟ್ಟಿ ಹಾಗಲ್ಲ, ಅಲ್ಲಿ ಬರೆದ ಪ್ರತಿ ಡಾಲರೂ ನಿಮ್ಮ ಜೇಬಿನದು.

ರಾಜ್ಯದ ರಿಟರ್ನಿನಲ್ಲಿ ದಾನ ಕೇಳುವ ಈ ಪದ್ಧತಿ ಶುರುವಾದದ್ದು 1977ರಲ್ಲಿ, ಕೊಲರಾಡೊದಲ್ಲಿ, ವನ್ಯಜೀವಿಗಳ ಹೆಸರಿನಲ್ಲಿ. ಬೇಟೆ, ಮೀನುಗಾರಿಕೆ ಲೈಸೆನ್ಸುಗಳ ಶುಲ್ಕದಿಂದ ಜಿಂಕೆ, ಮೀನುಗಳ ಖರ್ಚು ನಡೆಯುತ್ತಿತ್ತು. ಯಾರೂ ಬೇಟೆಯಾಡದ ಪ್ರಾಣಿಪಕ್ಷಿಗಳನ್ನು ಕೇಳುವವರು ಕಡಿಮೆ, ಈ ದಾನ ಅವುಗಳಿಗಾಗಿ. ಬೇರೆ ರಾಜ್ಯಗಳೂ ಇದನ್ನು ನೋಡಿ ಕಲಿತವು. ಮಿನ್ನೆಸೋಟದವರು ತಮ್ಮ ರಾಜ್ಯಪಕ್ಷಿ ಲೂನ್‌ನ ಚಿತ್ರವನ್ನೇ ಫಾರ್ಮಿಗೆ ಹಾಕಿದರು. ಟೆಕ್ಸಾಸ್, ಫ್ಲೋರಿಡಾಗಳಿಗೆ ಕೆಲಸ ಬದಲಿಸಿ ಹೋಗುವವರಿಗೆ ಈ ಪುಟವೇ ಸಿಗುವುದಿಲ್ಲ, ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ.

ನನ್ನ ಒಲವು 410ರ ಕಡೆಗೆ. ಮಕ್ಕಳನ್ನು ಮಾಂಟೆರೆಗೆ ಕರೆದುಕೊಂಡು ಹೋದರೆ ಅಲೆಗಳ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟಿ ಒಡೆದು ತಿನ್ನುವ ಆ ಪ್ರಾಣಿ ದಡದಿಂದಲೇ ಕಾಣುತ್ತದೆ. ಹೊಸಪೇಟೆ, ಕಂಪ್ಲಿ ಕಡೆಯವರಿಗೆ ಅದರ ದಾಯಾದಿ ಗೊತ್ತು. ತುಂಗಭದ್ರೆಯಲ್ಲಿ ನೀರುನಾಯಿಗಳಿಗೆಂದೇ ಒಂದು ಸಂರಕ್ಷಿತ ಪ್ರದೇಶವಿದೆ. ಇನ್ನೊಂದು ಕಾರಣವೂ ಇದೆ: ಇಲ್ಲಿನ ಬಹುತೇಕ ನಿಧಿಗಳು ವರ್ಷಕ್ಕೆ ಕಾನೂನು ಹೇಳಿದಷ್ಟು ಹಣ ತರದಿದ್ದರೆ ಪಟ್ಟಿಯಿಂದಲೇ ಬಿದ್ದುಹೋಗುತ್ತವೆ. ಹತ್ತು ಡಾಲರಿಗೂ ಇಲ್ಲಿ ತೂಕವಿದೆ.

ಊರಿನ 80ಜಿ ರಸೀದಿ ನೆನಪಿಟ್ಟುಕೊಂಡು ತೆರಿಗೆ ಉಳಿತಾಯದ ಲೆಕ್ಕ ಮಾತ್ರ ಹಾಕಬೇಡಿ. ಈ ದಾನವನ್ನು ಫೆಡರಲ್ ರಿಟರ್ನಿನಲ್ಲಿ ತೋರಿಸಲು ಅವಕಾಶವಿದೆ. ಆದರೆ ಅದು ಕೊಟ್ಟ ವರ್ಷದ ಲೆಕ್ಕಕ್ಕೆ, ಅಂದರೆ ಮುಂದಿನ ವರ್ಷ ತುಂಬುವ ರಿಟರ್ನಿಗೆ ಸೇರುತ್ತದೆ. ದಾನ ಬರೆದ 540 ಫಾರ್ಮಿನ ಪ್ರತಿ ಇಟ್ಟುಕೊಂಡಿರಿ. ಮೊದಲ ವರ್ಷ ಮನೆ ಅಡ್ವಾನ್ಸ್, ಕಾರು, ಸೋಫಾ ಎಂದು ಕೈ ಖಾಲಿಯಾಗಿದ್ದರೆ ಸಂಕೋಚಪಡದೆ ಸೊನ್ನೆ ಬರೆಯಿರಿ. ಮತ್ತೆ, ದಾನ ಕೊಡಿ ಅಂತ ಐಆರ್‌ಎಸ್ ಹೆಸರಿನಲ್ಲಿ ಫೋನು ಬಂದರೆ ಮಾತೇ ಆಡದೆ ಇಟ್ಟುಬಿಡಿ.

ಆ ಪಟ್ಟಿಗೆ ನಮ್ಮ ಕೂಟವನ್ನೂ ಸೇರಿಸಲಾಗದೇ ಎಂದು ಕೆಲವರು ಕೇಳಿದ್ದಾರೆ. ಒಂದೊಂದು ನಿಧಿಯೂ ಸ್ಯಾಕ್ರಮೆಂಟೊದ ಶಾಸನಸಭೆಯಲ್ಲಿ ಮಸೂದೆಯಾಗಿ ಪಾಸಾಗಿಯೇ ಅಲ್ಲಿಗೆ ಬಂದಿರುವುದು. ನಮ್ಮ ಕೂಟಕ್ಕೂ ಅಂಥದ್ದೊಂದು ಮಸೂದೆ ಪಾಸಾಗುವ ತನಕ ಯುಗಾದಿ ಊಟದ ದುಡ್ಡನ್ನು ಖಜಾಂಚಿಗಳ ಕೈಗೇ ಕೊಡಿ.